ಕೊನೆಯ ಚುಕ್ಕೆ

ಅಂಕಲಿ, ತೋಟದ ಮನೆ
21 ಫೆಬ್ರುವರಿ 2025

ನಿಖಿಲಾ,

ಫೋನು ಎತ್ತುವುದಿಲ್ಲ ಎಂದು ಸಿಟ್ಟಾಗಬೇಡ. ಎತ್ತಿ ಏನು ಮಾಡಲಿ? ಡಿಸೆಂಬರಿನಲ್ಲಿ ಥೈರಾಯ್ಡ್ ಗ್ರಂಥಿ ತೆಗೆದಾಗ ಹೋದ ದನಿ ಇನ್ನೂ ತಿರುಗಿ ಬಂದಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಆರು ತಿಂಗಳು ಕಾಯಬೇಕಂತೆ. ಇಡೀ ಮನೆಯಲ್ಲಿ ಹೆಚ್ಚು ಮಾತಾಡುತ್ತಿದ್ದವಳು ನಾನು, ನಿನ್ನ ಭಾವ ಶ್ರೀಪಾಲರಿಗೆ ಈಗ ಸುಗ್ಗಿ. ಅದಕ್ಕೇ ನಿನ್ನ ಅಕ್ಕ ಮೊಬೈಲಿನಲ್ಲಿ ಪತ್ರ ಕುಟ್ಟುತ್ತಿದ್ದಾಳೆ.

ಕ್ಯಾನ್ಸರಿನ ಚೂರುಪಾರು ಉಳಿದಿದ್ದರೆ ಸುಡಲಿ ಎಂದು ಇದೇ ಹತ್ತನೇ ತಾರೀಖು ಅಯೋಡಿನ್-131 ಕುಡಿಸಿದರು. ಸೀಸದ ಡಬ್ಬಿ ತಂದಿಟ್ಟ ನರ್ಸು, "ಕೊಳವಿಯೊಳಗಿಂದ ಕುಡೀರಿ" ಅಂದು ತಾನು ಬಾಗಿಲಾಚೆ ಹೋಗಿ ನಿಂತಳು. ಅವಳು ಹೋದ ರಭಸ ನೋಡಿ ನಾನು ಕಣ್ಣು ಮುಚ್ಚಿ ಒಂದೇ ಸಲಕ್ಕೆ ಹೀರಿದೆ. ಮೂರು ದಿನ ಒಂಟಿ ಕೋಣೆ. ಮನೆಗೆ ಬಿಡುವಾಗ ಒಂದು ಕಾಗದ ಕೊಟ್ಟರು. ಹದಿನೈದು ದಿನ ಸಣ್ಣ ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಗ್ರಂಥಿ ಇಲ್ಲದ್ದರಿಂದ ಥೈರಾಯ್ಡ್ ಮಾತ್ರೆಯನ್ನು ಜೀವ ಇರುವತನಕ ದಿನಾ ನುಂಗಬೇಕು.

ನಾನು ಮೂರು ಸಲ ಕೈ ಬಿಡಿಸಿ ಹದಿನೈದು ಎಂದು ತೋರಿಸಿದೆ. ಆದರೆ ನಮ್ಮ ಅತ್ತೆ ತಾರಾಬಾಯಿಯವರ ಲೆಕ್ಕವೇ ಬೇರೆ. "ಇದೂ ಸೂತಕ ಇದ್ದಂಗ ಬಿಡ. ಹತ್ತ ದಿನಾ ಬ್ಯಾರೆ ತಾಟ, ಬ್ಯಾರೆ ಚಾಪಿ. ಹತ್ತನೇ ದಿನಾ ತಲಿಮ್ಯಾಲ ನೀರ ಹಾಕ್ಕೊಂಡ್ರ ಮುಗೀತು" ಅಂದರು. ನಿನ್ನೆ ಹತ್ತನೆಯ ದಿನ. ನೀರು ಕಾಸಿ ತಲೆಗೆ ಎರೆದರು, ಚಾಪೆ ಒಗೆಸಿದರು, ಬಸದಿಯಿಂದ ತಂದ ಗಂಧೋದಕವನ್ನು ಹಣೆಗೆ ಹಚ್ಚಿದರು. ನಾನು ಕೂದಲು ಹಿಂಡುತ್ತಾ ಕೂತಿದ್ದೆ. "ತಗೋವ್ವಾ, ನಿನ್ನ ಕೂಸು ನಿನಗ" ಎಂದು ಕಾಜಲಳನ್ನು ತಂದು ತೊಡೆಯ ಮೇಲೆ ಕೂರಿಸಿಯೇ ಬಿಟ್ಟರು.

ಬೇಡ ಅನ್ನಲು ದನಿ ಇಲ್ಲ. ಐದು ನಿಮಿಷ ಆಗಿರಬೇಕು. ಆಮೇಲೆ ಅವಳನ್ನು ದೂಡಿದೆ, ನಿಖಿಲಾ. ಎರಡೂವರೆ ವರ್ಷದ ಕೂಸನ್ನು ನೆಲಕ್ಕೆ ದೂಡಿ ತೋಟದ ಮನೆಗೆ ಓಡಿ ಬಂದೆ. ಈಗ ಇಲ್ಲೇ ಇದ್ದೇನೆ.

ನೀನು ಫಿಸಿಕ್ಸ್ ಮೇಷ್ಟ್ರು. ಹುಡುಗರಿಗೆ ತೋರಿಸಲು ಏನೋ ಸಾಫ್ಟ್‌ವೇರ್ ಮಾಡಿದ್ದೀನಿ ಅಂದಿದ್ದೆಯಲ್ಲ. ಐದು ನಿಮಿಷದಲ್ಲಿ ಅವಳ ಮೈಗೆ ಎಷ್ಟು ಹೋಯಿತು, ನನ್ನಲ್ಲಿ ಇನ್ನೆಷ್ಟಿದೆ, ಲೆಕ್ಕ ಹಾಕಿ ಹೇಳು. ನನಗೆ ಬಹಳ ಹೆದರಿಕೆಯಾಗಿದೆ.

ಮನಿಷಾ


ನಿಪ್ಪಾಣಿ
23 ಫೆಬ್ರುವರಿ 2025

ಅಕ್ಕಾ,

ಐದು ನಿಮಿಷಕ್ಕೆ ಏನೂ ಆಗುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡಷ್ಟೂ ಅಲ್ಲ. ಕಾಜಲಳಿಗೆ ಅದು ಬಿದ್ದ ಪೆಟ್ಟಾಗಿ ನೆನಪಿರಬಹುದು, ವಿಕಿರಣವಾಗಿ ಅಲ್ಲ.

ಸಾಫ್ಟ್‌ವೇರಿನ ಲಿಂಕ್ ಕೆಳಗೆ ಇದೆ. ಹೆಸರು ‘ಕ್ಷಯಪಥ’. ಪರದೆಯ ತುಂಬ ಚೌಕಗಳು ಕಾಣುತ್ತವೆ, ಒಂದೊಂದು ಚೌಕ ಒಂದೊಂದು ಬಗೆಯ ಪರಮಾಣು. ಯಾವುದನ್ನು ಒತ್ತಿದರೂ ಅದು ಒಡೆದು ಏನಾಗುತ್ತದೆ, ಅದು ಮತ್ತೆ ಒಡೆದು ಏನಾಗುತ್ತದೆ ಎಂದು ಬಾಣದ ಗುರುತು ಓಡುತ್ತಾ ಹೋಗುತ್ತದೆ. ಯುರೇನಿಯಂ ಹದಿನಾಲ್ಕು ಮೆಟ್ಟಿಲು ಇಳಿದು ಸೀಸವಾಗುತ್ತದೆ. ನಿನ್ನ ಅಯೋಡಿನ್ನಿಗೆ ಒಂದೇ ಮೆಟ್ಟಿಲು, ಕ್ಸೆನಾನ್ ಆಗಿ ನಿಂತುಬಿಡುತ್ತದೆ, ಮುಂದೆ ಕಾಟವಿಲ್ಲ. ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಎಳೆದರೆ ದಿನಗಳು ಸರಿಯುತ್ತವೆ, ಸಾವಿರ ಕೆಂಪು ಚುಕ್ಕೆಗಳು ಒಂದೊಂದಾಗಿ ಆರುತ್ತವೆ. ನೋಡಿದರೆ ನಿನಗೇ ಧೈರ್ಯ ಬರುತ್ತದೆ.

ನಾನೇ ಬರಬೇಕು ಅಂದುಕೊಂಡಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಗಳು ಶುರುವಾಗಿವೆ. ಮುಗಿದ ತಕ್ಷಣ ಬರುತ್ತೇನೆ. ನಿನ್ನ ತಮ್ಮನ ಹೆಂಡತಿ ಶೈಲಾ ನಿನ್ನನ್ನು ಕೇಳಿದ್ದಾಳೆ.

ನಿಖಿಲ


ಅಂಕಲಿ
28 ಫೆಬ್ರುವರಿ 2025

ನಿಖಿಲಾ,

ಕ್ಷಯಪಥವಂತೆ! ಹೆಸರು ಕೇಳಿದರೆ ಯಾವುದೋ ದವಾಖಾನೆಯ ದಾರಿ ಇದ್ದಂತಿದೆ. ಆದರೆ ಚಂದ ಮಾಡಿದ್ದೀಯ. ನಾಲ್ಕು ದಿನದಿಂದ ಅದನ್ನು ಬಿಟ್ಟು ಬೇರೇನೂ ನೋಡಿಲ್ಲ.

ನೋಡಿದ್ದನ್ನು ಹೇಳುತ್ತೇನೆ, ಕೇಳು. ಅತ್ತೆಯ ಹತ್ತನೆಯ ದಿನಕ್ಕೆ ಎಳೆದೆ. ಸಾವಿರದಲ್ಲಿ ನಾಲ್ಕುನೂರಾ ಇಪ್ಪತ್ತೊಂದು ಉಳಿದಿವೆ. ಆಸ್ಪತ್ರೆಯ ಹದಿನೈದಕ್ಕೆ ಎಳೆದೆ. ಇನ್ನೂರಾ ಎಪ್ಪತ್ತನಾಲ್ಕು. ಕಾಲು ಭಾಗಕ್ಕಿಂತ ಜಾಸ್ತಿ ಉಳಿದಿರುವಾಗ ಮಗಳನ್ನು ಎತ್ತಿಕೋ ಎಂದು ಅವರು ಹೇಗೆ ಬರೆದರು? ಎಂಬತ್ತಕ್ಕೆ ಎಳೆದೆ, ಒಂದು ಚುಕ್ಕೆ. ಸರಿ, ಇನ್ನೇನು ಆರುತ್ತದೆ ಅಂದುಕೊಂಡು ಇನ್ನೂರಕ್ಕೆ ಎಳೆದೆ. ಒಂದು ಚುಕ್ಕೆ. ಒಂದು ವರ್ಷ, ಮೂರು ವರ್ಷ, ಹತ್ತು ವರ್ಷ. ಆ ಒಂದು ಚುಕ್ಕೆ ಹಾಗೇ ಇದೆ, ನಿಖಿಲಾ. ಕಾಜಲ ಹೈಸ್ಕೂಲು ಮುಗಿಸುವ ವರ್ಷಕ್ಕೂ ಎಳೆದು ನೋಡಿದೆ. ಪರದೆಯ ನಡುವೆ ಮಿಣಮಿಣ ಅನ್ನುತ್ತಿದೆ.

ಅದು ನನ್ನ ಮೈಯಲ್ಲಿ ಎಲ್ಲಿ ಇರುತ್ತದೆ? ಕೈಯಲ್ಲೋ, ಎದೆಯಲ್ಲೋ?

ಇನ್ನೊಂದು ಮಾತು. ಮಾತ್ರೆಯ ಚೀಟಿ ಓದಿದೆ. ಅದರೊಳಗೂ ಅಯೋಡಿನ್ ಇದೆಯಂತೆ. ಇದ್ದದ್ದೇ ಹೋಗುತ್ತಿಲ್ಲ, ಮೇಲೆ ಮತ್ತಷ್ಟು ಸುರಿದುಕೊಳ್ಳಲೇ? ಡಬ್ಬಿಯನ್ನು ಕಿಟಕಿಯಲ್ಲಿ ಇಟ್ಟುಬಿಟ್ಟಿದ್ದೇನೆ. ಇವರಿಗೆ ಹೇಳಿಲ್ಲ.

ಊಟ ತರುವ ಕೆಂಚವ್ವ ಬುತ್ತಿಯನ್ನು ಬದುವಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಾಳೆ. "ಸಿಟ್ಟಾಗಬ್ಯಾಡ್ರಿ ಅಕ್ಕಾರ, ನಿಮಗ ಬಾಂಬಿನ ನೀರ ಕುಡಿಸ್ಯಾರಂತ ಊರಾಗ ಅಂತಾರ" ಅಂದಳು. ಮೊದಲಾಗಿದ್ದರೆ ಅವಳಿಗೆ ನಾಲ್ಕು ಮಾತು ಬೈಯುತ್ತಿದ್ದೆ. ಈಗ ಅವಳು ದೂರ ನಿಂತದ್ದು ಒಳ್ಳೆಯದೇ ಅನ್ನಿಸಿತು.

ಯಾರದು ಸರಿ ಹೇಳು. ಅತ್ತೆಯ ಹತ್ತೋ, ಆಸ್ಪತ್ರೆಯ ಹದಿನೈದೋ, ನಿನ್ನ ಚುಕ್ಕೆಯೋ?

ಮನಿಷಾ


ನಿಪ್ಪಾಣಿ
4 ಮಾರ್ಚ್ 2025

ಅಕ್ಕಾ,

ನೀನು ಬಿ.ಎಸ್ಸಿ. ಓದಿದವಳು, ನಿನಗೆ ಹೇಳಬೇಕಿಲ್ಲ. ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಅರ್ಧದ ಅರ್ಧ, ಅದರ ಅರ್ಧ. ಗಣಿತದಲ್ಲಿ ಅದು ಎಂದೂ ಸೊನ್ನೆ ಮುಟ್ಟುವುದಿಲ್ಲ. ಹಾಗೆಂದು ಗಾಬರಿ ಬೀಳುವ ಕಾರಣವಿಲ್ಲ. ವೈದ್ಯರ ಹದಿನೈದು ದಿನದ ಹಿಂದೆ ಬೇರೆ ಬೇರೆ ವಿಚಾರಗಳು ಇರುತ್ತವೆ. ಅದನ್ನೆಲ್ಲ ಪತ್ರದಲ್ಲಿ ಬಿಡಿಸಿ ಹೇಳುವುದು ಕಷ್ಟ. ನಿನ್ನ ಮನಸ್ಸಿಗೆ ಸಮಾಧಾನ ಆಗುವತನಕ ತೋಟದಲ್ಲೇ ಇರು. ಅವಸರ ಮಾಡಬೇಡ.

ಒಂದು ಸಂತೋಷದ ಸುದ್ದಿ. ಕ್ಷಯಪಥವನ್ನು ಬೆಳಗಾವಿಯಲ್ಲಿ ನಡೆಯುವ ಉಪನ್ಯಾಸಕರ ಕಾರ್ಯಾಗಾರದಲ್ಲಿ ತೋರಿಸಬೇಕು ಎಂದು ಕರೆ ಬಂದಿದೆ. ಕನ್ನಡದಲ್ಲಿ ಇಂಥದ್ದು ನೋಡಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದಾರೆ. ಅದರ ತಯಾರಿಯಲ್ಲೇ ಮುಳುಗಿದ್ದೇನೆ. ಅದು ಮುಗಿಯಲಿ, ಬರುತ್ತೇನೆ.

ಧೈರ್ಯವಾಗಿರು.

ನಿಖಿಲ


ಅಂಕಲಿ
18 ಮಾರ್ಚ್ 2025

ನಿಖಿಲಾ,

ಉತ್ತರ ಬರೆಯಲು ತಡವಾಯಿತು. ಬೆರಳು ಬೇಗ ಏಳುವುದಿಲ್ಲ. ಮಧ್ಯಾಹ್ನ ಕೂತಲ್ಲೇ ನಿದ್ದೆ ಹೋಗುತ್ತೇನೆ.

ಇವರು ಭಾನುವಾರ ಕಾಜಲಳನ್ನು ಕರೆದುಕೊಂಡು ಬಂದಿದ್ದರು. ಕಾಲುವೆಯ ಆಚೆಯೇ ನಿಲ್ಲಿ ಎಂದು ಸನ್ನೆ ಮಾಡಿದೆ. "ಹದಿನೈದ ದಿನಾ ಮುಗದ ಮೂರ ವಾರಾ ಆತು, ಮನಿಷಾ. ಇನ್ನೆಷ್ಟ ದಿನಾ ಹಿಂಗ?" ಅಂದರು. ನಾನು ಮೊಬೈಲಿನಲ್ಲಿ ನಿನ್ನ ಚುಕ್ಕೆ ತೋರಿಸಿದೆ. ಅಷ್ಟು ದೂರದಿಂದ ಅವರಿಗೆ ಏನು ಕಂಡೀತು? "ನಿಖಿಲ ಏನಂತಾನ?" ಎಂದು ಕೇಳಿದರು. ಇಲ್ಲೇ ಇರು ಅಂದಿದ್ದಾನೆ ಎಂದು ಬರೆದು ಕಳಿಸಿದೆ. ಮೇಷ್ಟ್ರ ಮಾತೆಂದು ಸುಮ್ಮನಾದರು.

ಒಂದು ಸುಳ್ಳು ಹೇಳಿದ್ದೆ. ಐದು ನಿಮಿಷ ಅಂತ ಬರೆದಿದ್ದೆನಲ್ಲ, ಐದು ನಿಮಿಷವಲ್ಲ. ಮುಕ್ಕಾಲು ತಾಸು. ಕೊರಳಿಗೆ ಮುಖ ಒತ್ತಿ ಮಲಗಿಬಿಟ್ಟಿದ್ದಳು. ಎರಡೂವರೆ ತಿಂಗಳಾಗಿತ್ತು ಅವಳನ್ನು ಎತ್ತಿಕೊಂಡು. ಗೊತ್ತಿದ್ದೂ ಬಿಡಲಿಲ್ಲ. ಅವಳು ಎದ್ದು ನಕ್ಕಾಗ ಎಚ್ಚರವಾಯಿತು, ಆಗ ದೂಡಿದೆ. ಈಗ ಮುಕ್ಕಾಲು ತಾಸಿಗೆ ಲೆಕ್ಕ ಹಾಕು. ಹಾಕಿ ನನಗೆ ಹೇಳಬೇಡ.

ಮನಿಷಾ


ನಿಪ್ಪಾಣಿ
22 ಮಾರ್ಚ್ 2025

ಅಕ್ಕಾ,

ಮುಕ್ಕಾಲು ತಾಸಾದರೂ ಭಯಪಡುವಂಥದ್ದಲ್ಲ. ನಿನ್ನ ಈ ಸಲದ ಪತ್ರ ಓದಿ ನನಗೆ ಸಮಾಧಾನವಾಯಿತು. ಮೊದಲಿನ ಗಾಬರಿ ಇಲ್ಲ, ನಿಧಾನವಾಗಿ ಯೋಚಿಸಿ ಬರೆದಿದ್ದೀಯ. ನಿದ್ದೆ ಬರುವುದು ಒಳ್ಳೆಯ ಲಕ್ಷಣ, ಮೈ ಚೇತರಿಸಿಕೊಳ್ಳುತ್ತಿದೆ.

ಬೆಳಗಾವಿಯಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಕೊನೆಯ ಚುಕ್ಕೆ ಆರದೆ ಉಳಿಯುವುದನ್ನು ತೋರಿಸಿದಾಗ ಚಪ್ಪಾಳೆ ಬಿತ್ತು. ಈಗ ಮೌಲ್ಯಮಾಪನ ಇದೆ. ಏಪ್ರಿಲಿನಲ್ಲಿ ಖಂಡಿತ ಬರುತ್ತೇನೆ.

ನಿಖಿಲ


ಅಂಕಲಿ
8 ಏಪ್ರಿಲ್ 2025

ನಿಖಿಲ,

ಚಳಿ. ಎಲ್ಲರೂ ಬಿಸಿಲು ಅನ್ನುತ್ತಾರೆ. ನಾನು ಸ್ವೆಟರ್ ಹಾಕಿದ್ದೇನೆ.

ಕೆಂಚವ್ವ ನಿನ್ನೆ ಹತ್ತಿರ ಬಂದಳು. "ಅಕ್ಕಾರ, ಮಾರಿ ಯಾಕ ಹಿಂಗ ಬಾತೈತ್ರಿ?" ಅಂದಳು. ಕನ್ನಡಿ ನೋಡಲಿಲ್ಲ.

ಅತ್ತೆ ಬದುವಿನ ತನಕ ಬಂದಿದ್ದರು. ಶೈಲಾ ಐದು ತಿಂಗಳ ಬಸುರಿಯಂತೆ. ನೀನು ಹೇಳಲಿಲ್ಲ. ನಿಪ್ಪಾಣಿಯಿಂದ ಒಂದೂವರೆ ತಾಸಿನ ದಾರಿ. ಎರಡು ತಿಂಗಳಾದರೂ ನೀನು ಯಾಕೆ ಬರಲಿಲ್ಲ ಎಂದು ಈಗ ಗೊತ್ತಾಯಿತು.

ಸರಿಯಾಗಿಯೇ ಮಾಡಿದ್ದೀಯ. ಬರಬೇಡ. ಓದಿದವನು ನೀನೇ ಹೆದರುತ್ತೀಯ ಅಂದರೆ ಆ ಚುಕ್ಕೆ ನಿಜ. ನಾನು ಮನೆಗೆ ಹೋಗುವುದಿಲ್ಲ.

ಮನಿಷಾ


ನಿಪ್ಪಾಣಿ
9 ಏಪ್ರಿಲ್ 2025, ಬೆಳಿಗ್ಗೆ

ಅಕ್ಕಾ,

ಮೊದಲು ಮಾತ್ರೆ ನುಂಗು. ಈ ಪತ್ರ ಅರ್ಧಕ್ಕೆ ನಿಲ್ಲಿಸಿ ಕಿಟಕಿಯಿಂದ ಡಬ್ಬಿ ತೆಗೆದು ಒಂದು ನುಂಗು. ಫೆಬ್ರುವರಿಯಲ್ಲೇ ನೀನು ಬರೆದಿದ್ದೆ, ನಾನು ಕಣ್ಣಾಡಿಸಿ ಮುಂದೆ ಹೋದೆ. ಚುಕ್ಕೆಯ ಪ್ರಶ್ನೆಯಿಂದ ಹೇಗೆ ತಪ್ಪಿಸಿಕೊಳ್ಳಲಿ ಎಂಬುದೇ ನನಗೆ ಮುಖ್ಯವಾಗಿತ್ತು. ಮಾತ್ರೆಯಲ್ಲಿರುವುದು ಅಯೋಡಿನ್-127, ನಾವು ದಿನಾ ತಿನ್ನುವ ಉಪ್ಪಿನಲ್ಲಿ ಇರುವಂಥದ್ದು. ಅದು ಒಡೆಯುವುದೇ ಇಲ್ಲ. ಚಳಿ, ಊತ, ನಿದ್ದೆ, ಎಲ್ಲವೂ ಮಾತ್ರೆ ಬಿಟ್ಟದ್ದರಿಂದ. ಅದನ್ನು ನಾನು ಸಮಾಧಾನ ಎಂದು ಓದಿದೆ.

ಆ ಕೊನೆಯ ಚುಕ್ಕೆ ಸುಳ್ಳು. ಅದನ್ನು ನಾನೇ ಇಟ್ಟಿದ್ದು. ಲೆಕ್ಕ ಒಂದಕ್ಕಿಂತ ಕಡಿಮೆ ಬಂದರೂ ಒಂದು ಚುಕ್ಕೆ ಉಳಿಸು ಎಂದು ಒಂದು ಸಾಲು ಬರೆದಿದ್ದೇನೆ. ಸೊನ್ನೆ ಎಂಬುದಿಲ್ಲ ಎಂದು ಹುಡುಗರಿಗೆ ತೋರಿಸುವ ಶೋಕಿಗೆ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಕ್ಷಯಪಥಕ್ಕೆ ಗೊತ್ತಿರುವುದು ಮುಚ್ಚಿದ ಬಾಟಲಿಯಲ್ಲಿಟ್ಟ ಅಯೋಡಿನ್ ಮಾತ್ರ. ನೀನು ಬಾಟಲಿಯಲ್ಲ. ನೀರು ಕುಡಿಯುತ್ತೀಯ, ಮೂತ್ರ ಮಾಡುತ್ತೀಯ. ಗ್ರಂಥಿ ತೆಗೆದ ಮೈಯಲ್ಲಿ ಅದಕ್ಕೆ ನಿಲ್ಲಲು ಜಾಗವಿಲ್ಲ. ಬಹುಪಾಲು ಆಸ್ಪತ್ರೆಯ ಆ ಮೂರು ದಿನದಲ್ಲೇ ಹೊರಗೆ ಹೋಗಿತ್ತು. ಹದಿನೈದು ದಿನ ಎಂಬುದು ಎಚ್ಚರಿಕೆಗೆ ಸೇರಿಸಿದ ಲೆಕ್ಕ. ನಿಮ್ಮ ಅತ್ತೆಯ ಹತ್ತು ದಿನ ನನ್ನ ಸಾಫ್ಟ್‌ವೇರಿಗಿಂತ ಸತ್ಯಕ್ಕೆ ಹತ್ತಿರ ಇತ್ತು.

ಇದು ನನಗೆ ಮಾರ್ಚ್ ನಾಲ್ಕರಂದೇ ಗೊತ್ತಿತ್ತು. ಯಾಕೆ ಬರೆಯಲಿಲ್ಲ ಎಂದು ಈಗ ಬರೆಯುತ್ತೇನೆ. ನಿನ್ನಲ್ಲಿ ಏನೂ ಉಳಿದಿಲ್ಲ ಎಂದು ಬರೆದರೆ ಮರುದಿನವೇ ನೀನು, ಹಾಗಾದರೆ ಬಾ, ಅನ್ನುತ್ತಿದ್ದೆ. ಬರುವ ಧೈರ್ಯ ನನಗಿರಲಿಲ್ಲ. ನಿನ್ನನ್ನು ನೋಡಿ ಮನೆಗೆ ಹೋದರೆ ಶೈಲಾಳ ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತು ಎಂಬ ಹೆದರಿಕೆ. ಲೆಕ್ಕ ಗೊತ್ತಿದ್ದೂ ಹೆದರಿದೆ. ನಿನ್ನ ಭಯದ ಹಿಂದೆ ನನ್ನ ಭಯವನ್ನು ಅಡಗಿಸಿಟ್ಟೆ.

ಉತ್ತರ ಬರೆ. ಒಂದೇ ಅಕ್ಷರವಾದರೂ ಸಾಕು.

ನಿಖಿಲ


ಚಿಕ್ಕೋಡಿ, ಆಸ್ಪತ್ರೆಯ ಪಡಸಾಲೆ
12 ಏಪ್ರಿಲ್ 2025

ಅಕ್ಕಾ,

ನೀನು ಗಾಜಿನ ಬಾಗಿಲಿನ ಆಚೆ ಮಲಗಿದ್ದೀಯ, ನಾನು ಈಚೆ ಕೂತು ಬರೆಯುತ್ತಿದ್ದೇನೆ. ಎಚ್ಚರವಾದಾಗ ಓದು. ಎಚ್ಚರವಾಗುತ್ತದೆ ಎಂದು ಡಾಕ್ಟರು ಖಾತ್ರಿ ಹೇಳಿಲ್ಲ.

ಒಂಬತ್ತನೇ ತಾರೀಖು ಸಂಜೆತನಕ ನಿನ್ನಿಂದ ಉತ್ತರವಿಲ್ಲ. ಭಾವನಿಗೆ ಫೋನು ಮಾಡಿದರೆ ಮಹಾವೀರ ಜಯಂತಿಯ ಕೆಲಸಕ್ಕೆ ಬಸದಿಗೆ ಹೋಗಿದ್ದರು, ಎತ್ತಲಿಲ್ಲ. ಮರುದಿನ ಕಾಲೇಜಿಗೆ ರಜೆ, ನೆಪ ಹೇಳಲು ಏನೂ ಉಳಿದಿರಲಿಲ್ಲ. ಬೆಳಿಗ್ಗೆಯ ಮೊದಲ ಬಸ್ಸಿಗೆ ಬಂದೆ. ತೋಟದ ದಾರಿಯಲ್ಲಿ ಕೆಂಚವ್ವ ಎದುರಿಗೆ ಓಡಿ ಬಂದಳು. "ಕರದರ ಓ ಅನ್ನವಲ್ಲರ್ರೀ, ಲಗೂನ ಬರ್ರಿ!" ಅಂದು ಅತ್ತೆಯವರನ್ನು ಕರೆಯಲು ಮನೆ ಕಡೆ ಓಡಿದಳು.

ನಡೆದದ್ದನ್ನು ನಿನಗೆ ನಾನೇ ಹೇಳಬೇಕು, ಬೇರೆಯವರು ಹೇಳುವ ಮೊದಲು. ಬಾಗಿಲು ತೆರೆದೇ ಇತ್ತು. ಕಂಬಳಿಯ ಕೆಳಗೆ ನೀನು ಕಂಡೆ. ಮುಖ ಊದಿ ಗುರುತು ಸಿಗದಂತಾಗಿತ್ತು. ಉಸಿರು ಬಹಳ ಹೊತ್ತಿಗೊಮ್ಮೆ ಆಡುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತುಬಿಟ್ಟೆ, ಅಕ್ಕಾ. ನಿನ್ನೊಳಗೆ ಏನೂ ಇಲ್ಲ ಎಂದು ಹಿಂದಿನ ದಿನ ಬರೆದವನು ನಾನೇ. ಕಾಲು ಒಳಗೆ ಬರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅತ್ತೆ ಹಬ್ಬದ ಮಡಿಸೀರೆಯಲ್ಲೇ ಓಡುತ್ತಾ ಬಂದರು. "ಸರೀ ಅತ್ಲಾಗ!" ಎಂದು ನನ್ನನ್ನು ಮೊಣಕೈಯಿಂದ ನೂಕಿ ಒಳಗೆ ಹೋಗಿ ನಿನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡರು. ನಿನ್ನ ಕೆನ್ನೆ ಮುಟ್ಟಿ, "ಮಂಜಿನಂಗ ಆಗ್ಯಾಳಲ್ಲೋ ನಿಖಿಲಾ! ಏನ ನೋಡ್ಕೋತ ನಿಂತಿ? ಕಾಲ ಹಿಡೀ" ಅಂದರು. ಆಗ ಹಿಡಿದೆ.

"ಮಾತ್ರಿ ಬಿಟ್ಟ ಎಷ್ಟ ದಿನಾ ಆತ್ರಿ?" ಎಂದು ಡಾಕ್ಟರು ಕೇಳಿದರು. ಒಂದೂವರೆ ತಿಂಗಳು ಅಂದೆ. ಅವರು ತಲೆಗೆ ಕೈ ಹಚ್ಚಿಕೊಂಡರು. "ಮನ್ಯಾಗ ಓದಿದವರು ಯಾರೂ ಇರಲಿಲ್ಲೇನ್ರಿ?" ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಿದರು. ಎರಡು ದಿನದಿಂದ ಅವರು ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ.

ಎದ್ದು ನನಗೆ ಬೈ. ದನಿ ಇಲ್ಲದಿದ್ದರೂ ಸರಿ.

ನಿಖಿಲ


ಚಿಕ್ಕೋಡಿ
24 ಏಪ್ರಿಲ್ 2025

ನಿಖಿಲಾ,

ಎದ್ದು ಆರು ದಿನವಾಯಿತು. ಎಲ್ಲ ಓದಿದೆ. ಬೈಯುವಷ್ಟು ಶಕ್ತಿ ಇನ್ನೂ ಬಂದಿಲ್ಲ, ಅದು ನಿನ್ನ ಪುಣ್ಯ. ಹೊಸ್ತಿಲಲ್ಲಿ ನಿಂತದ್ದನ್ನು ನೀನು ಬರೆಯದಿದ್ದರೂ ನಡೆಯುತ್ತಿತ್ತು. ಬರೆದೆ, ಒಳ್ಳೆಯದಾಯಿತು.

ನಾಳೆ ಬಿಡುತ್ತಾರೆ. ಎಲ್ಲರೂ ಮನೆಗೆ ನಡಿ ಅನ್ನುತ್ತಾರೆ. ಡಾಕ್ಟರು ಹೇಳಿದರು, ನೀನು ಹೇಳಿದೆ, ಅತ್ತೆಯಂತೂ ಎರಡು ತಿಂಗಳ ಹಿಂದೆಯೇ ಹೇಳಿದ್ದರು. ತಲೆಗೆ ಎಲ್ಲ ತಿಳಿಯುತ್ತದೆ. ನಿನ್ನೆ ಇವರು ಕಾಜಲಳನ್ನು ಮಂಚದ ಹತ್ತಿರ ತಂದಾಗ ನನ್ನ ಎರಡೂ ಕೈ ತಾವಾಗಿಯೇ ಹೊದಿಕೆಯ ಒಳಗೆ ಹೋದವು. ಅವಳು ಅಳಲಿಲ್ಲ. ಅಪ್ಪನ ಕಾಲಿನ ಹಿಂದೆ ಸರಿದು ನಿಂತಳು. ಅವಳೂ ನನಗೆ ಹೆದರುತ್ತಿದ್ದಾಳೆ.

ನನಗೆ ಇನ್ನು ಲೆಕ್ಕ ಬೇಡ. ಪರದೆ ಬೇಡ. ನೀನು ಬರೆದದ್ದು ನಿಜವಾಗಿದ್ದರೆ ಭಾನುವಾರ ಶೈಲಾಳನ್ನು ಕರೆದುಕೊಂಡು ಅಂಕಲಿಗೆ ಬಾ. ಅವಳು ನನ್ನ ಪಕ್ಕದಲ್ಲಿ ಕೂತು ಊಟ ಮಾಡಲಿ. ಅದನ್ನು ಕಣ್ಣಾರೆ ನೋಡಿದ ಮೇಲೆ ನನ್ನ ಮಗಳನ್ನು ಎತ್ತಿಕೊಳ್ಳುತ್ತೇನೆ. ಕರೆದುಕೊಂಡು ಬರಲಾಗದಿದ್ದರೆ ಅದನ್ನೂ ಬರೆ. ಸುಳ್ಳು ನೆಪ ಮಾತ್ರ ಬೇಡ.

ಮನಿಷಾ


ನಿಪ್ಪಾಣಿ
26 ಏಪ್ರಿಲ್ 2025

ಅಕ್ಕಾ,

ನಿನ್ನ ಪತ್ರವನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ನಿಜ ಹೇಳು ಅಂದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಎರಡು ದಿನವೂ ಹೊಸ ನೆಪ ಹುಡುಕಿದೆ. ಬಸ್ಸಿನ ಕುಲುಕಾಟ, ಬಿಸಿಲು, ಆರನೆಯ ತಿಂಗಳು. ಮೂರೂ ಚೆನ್ನಾಗಿದ್ದವು.

ಇವತ್ತು ಊಟಕ್ಕೆ ಕೂತಾಗ ಮೊಬೈಲನ್ನು ಶೈಲಾಳ ಕೈಗೆ ಕೊಟ್ಟೆ. ಫೆಬ್ರುವರಿಯ ಮೊದಲ ಪತ್ರದಿಂದ ಎಲ್ಲವನ್ನೂ ಓದಿದಳು. ಅನ್ನ ಆರಿಹೋಯಿತು. ನೀನು ದಿನದಿನಕ್ಕೆ ಚೇತರಿಸಿಕೊಳ್ಳುತ್ತಿದ್ದೀಯ ಎಂದೇ ನಾನು ಅವಳಿಗೆ ಹೇಳುತ್ತಾ ಬಂದಿದ್ದೆ. ಓದಿ ಮುಗಿಸಿ ಮೊಬೈಲನ್ನು ನನ್ನ ಕಡೆ ಸರಿಸಿದಳು. ಆಮೇಲೆ, "ನನ್ನ ಹೆಸರಲೇ ಎರಡ ತಿಂಗಳ ಹೆದರೀರಿ. ಒಂದ ಸಲನಾರ ನನ್ನ ಕೇಳೀರೇನ, ನನಗ ಹೆದರಿಕಿ ಐತೋ ಇಲ್ಲೋ ಅಂತ?" ಅಂದಳು. ಐತೇನು ಎಂದು ಈಗ ಕೇಳಿದೆ. "ಐತಿ" ಅಂದಳು. "ಅಕ್ಕಾರ್ನ ನೋಡಿದ್ರ ಹೋಗತೈತಿ." ಎದ್ದು ಚೀಲಕ್ಕೆ ಸೀರೆ ತುಂಬಿಕೊಂಡಳು. ಒಂದು ದಿನವಲ್ಲ, ಒಂದು ವಾರ ಇರುತ್ತಾಳಂತೆ. ನಾನು ಬೇಕಿದ್ದರೆ ಬರಬಹುದಂತೆ.

ನಾಳೆ ಎಂಟರ ಬಸ್ಸಿಗೆ ಹೊರಡುತ್ತೇವೆ. ಶೈಲಾ ನಿನ್ನ ಪಕ್ಕದಲ್ಲಿ ಕೂರುತ್ತಾಳೆ. ಆಚೆ ಪಕ್ಕದಲ್ಲಿ ನಾನು ಕೂರುತ್ತೇನೆ. ನನ್ನ ಕೈ ನಡುಗಬಹುದು. ಅದನ್ನು ನೋಡಿ ಏನೋ ಇದೆ ಎಂದು ತಿಳಿಯಬೇಡ, ಮಗಳನ್ನು ಕೆಳಗಿಳಿಸಬೇಡ. ಅದು ನಿನ್ನಿಂದ ಬಂದದ್ದಲ್ಲ.

ನಿಖಿಲ